ದುಂಡು ದಂಟು, ಮೂರೇಣು ದಂಟು

ಫೆಬ್ರವರಿ 11

ಅತ್ತಿಗೆ,

ನಿಮ್ಮ ನರ್ಸರಿಯ ಮೂರನೆಯ ಲೋಡು ನಿನ್ನೆ ಮಧ್ಯಾಹ್ನ ತಲುಪಿತು. ನಲವತ್ತು ಪೆಟ್ಟಿಗೆ, ಸಸಿ ಬಾಡಿಲ್ಲ. ನಿಮ್ಮ ಕಾಗದ ಎಂದಿನಂತೆ ಸಸಿಯ ಪಾಕೆಟ್‌ಗಳ ನಡುವೆ ಇತ್ತು, ಒಂದು ಮೂಲೆ ಮಾತ್ರ ನೆನೆದಿತ್ತು. ಇಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕಿನ ಏಣಿ ಹತ್ತಬೇಕು. ನನ್ನ ಉದ್ದ ಕಾಲು ನೋಡಿ ಅಣ್ಣ ಕೊಕ್ಕರೆ ಅಂತ ಹೆಸರಿಟ್ಟದ್ದು ಸರಿ, ರೆಕ್ಕೆ ಕೊಡುವುದನ್ನು ಮರೆತ. ಹಾಗಾಗಿ ಲಾರಿಯೇ ನಮ್ಮ ಅಂಚೆ.

ನೀರಾವರಿ ಇಲಾಖೆಯ ಇಂಜಿನಿಯರ್ ಮೊನ್ನೆ ಬಂದು ಜೌಗಿನ ದಂಡೆಯ ಮೇಲೆ ಎರಡು ಗೂಟ ಹೊಡೆಸಿದರು. ಗೂಟದಿಂದ ಗೂಟಕ್ಕೆ ಇನ್ನೂರು ಹೆಜ್ಜೆ. “ಜೂನ್ ಹತ್ತಕ್ಕೆ ಮೇಲಿನ ಗೇಟು ಎತ್ತುತ್ತೀವಿ. ಅಷ್ಟರೊಳಗೆ ನಿಮ್ಮ ಹುಲ್ಲು ಈ ಇನ್ನೂರು ಹೆಜ್ಜೆ ಮಣ್ಣು ಹಿಡ್ಕೊಂಡ್ರೆ ಉಳಿದ ಮೂರು ಕಿಲೋಮೀಟರ್ ದಂಡೆಯೂ ನಿಮ್ಮದೇ. ಹಿಡೀಲಿಲ್ವಾ, ಕಲ್ಲು ಕಟ್ಟಿಸ್ತೀನಿ. ಆಮೇಲೆ ನನ್ನ ಹತ್ರ ಹಕ್ಕಿ, ಕಪ್ಪೆ ಅಂತ ಬರಬೇಡಿ,” ಅಂದರು. ನಾನು ಆಗಲಿ ಎಂದು ಸಹಿ ಹಾಕಿದೆ. ಕಲ್ಲು ಕಟ್ಟಿದರೆ ಈ ಜೌಗು ಎರಡು ವರ್ಷದಲ್ಲಿ ಬರೀ ಕಾಲುವೆ ಆಗುತ್ತದೆ, ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಈಗ ಒಂದು ಪ್ರಶ್ನೆ. ಪೆಟ್ಟಿಗೆಗಳ ಮೇಲೆ ‘ಮೂರೇಣು ಜೇಕು’ ಎಂದು ನೀವೇ ಬರೆದಿದ್ದೀರಿ. ಆದರೆ ದಂಟನ್ನು ಮುಷ್ಟಿಯಲ್ಲಿ ಹಿಡಿದು ಹೊರಳಿಸಿದರೆ ನಾಲ್ಕರಲ್ಲಿ ಒಂದಕ್ಕೆ ಕೈಗೆ ಒತ್ತುವ ಏಣೇ ಇಲ್ಲ, ಪೆನ್ಸಿಲ್ ಹಾಗೆ ದುಂಡಗಿದೆ. ಮೊದಲ ಎರಡು ಲೋಡಿನಲ್ಲಿ ಹೀಗಿರಲಿಲ್ಲ. ಇದು ಬೇಕೆಂದು ಕಳಿಸಿದ್ದೋ, ಕಣ್ತಪ್ಪಿ ಬಂದದ್ದೋ? ಸದ್ಯಕ್ಕೆ ಇದ್ದಂತೆಯೇ ನೆಡಿಸುತ್ತಿದ್ದೇನೆ, ಸಸಿ ಪೆಟ್ಟಿಗೆಯಲ್ಲಿ ಕಾಯುವುದಿಲ್ಲವಲ್ಲ.

ಅಣ್ಣನಿಗೆ ಹೇಳಿ, ಅವನು ಇಷ್ಟು ದಿನ ಒಂದು ಸಾಲೂ ಬರೆಯದ್ದಕ್ಕೆ ನಾನು ಅವನ ಜೊತೆ ಟೂ ಬಿಟ್ಟಿದ್ದೇನೆ ಎಂದು.

ಕೊಕ್ಕರೆ


ಮಾರ್ಚ್ 1

ಕೊಕ್ಕರೆ,

ನಿನ್ನ ಕಾಗದ ಓದಿದೆ. ಪೆಟ್ಟಿಗೆಯ ಮೇಲೆ ಬರೆದದ್ದೇ ಪೆಟ್ಟಿಗೆಯೊಳಗಿದೆ. ಬೀಜ ತಂದವರು ನಿನ್ನಣ್ಣ, ಮೂವತ್ತು ವರ್ಷದಿಂದ ಇಲ್ಲಿನ ಅದೇ ಜೌಗಿನಿಂದ ಅದೇ ಬೀಜ ತರುತ್ತಿದ್ದಾರೆ. ಎಳೆಯ ಜೇಕಿಗೆ ಕೆಲವೊಮ್ಮೆ ಏಣು ತಡವಾಗಿ ಮೂಡುತ್ತದೆ.

ಅವರು ಚೆನ್ನಾಗಿದ್ದಾರೆ. ಕೆಲಸ ಜಾಸ್ತಿ, ಬರೆಯಲು ಪುರಸೊತ್ತಿಲ್ಲ. ಎರಡನೆಯ ತೊಟ್ಟಿ ಸೋರುತ್ತಿತ್ತು, ಅದಕ್ಕೆ ಒಳಗಿನಿಂದ ಸಿಮೆಂಟ್ ಬಳಿದಿದ್ದೇವೆ. ಮೊಣಕಾಲುದ್ದ ನೀರಿನಲ್ಲಿ ನಿಲ್ಲುವ ಸಸಿಗಳನ್ನು ಈಗ ಅಲ್ಲಿಯೇ ಪಳಗಿಸುತ್ತಿದ್ದೇವೆ.

ಖಾಲಿ ಪೆಟ್ಟಿಗೆ ವಾಪಸ್ ಕಳಿಸುವಾಗ ಒಂದರೊಳಗೊಂದು ಸೇರಿಸಬೇಡ, ಹಿಡಿ ಮುರಿಯುತ್ತದೆ.

ಅತ್ತಿಗೆ


ಮಾರ್ಚ್ 16

ಅತ್ತಿಗೆ,

ಏಣು ತಡವಾಗಿ ಮೂಡುತ್ತದೆ ಎಂದಿರಿ. ನಾನು ಚಡ್ಡಿ ಹಾಕುವ ಕಾಲದಿಂದ ಅಣ್ಣನ ಹಿಂದೆ ಕೆಸರು ತುಳಿದವಳು. ಬೆರಳುದ್ದದ ಜೇಕಿಗೂ ಏಣಿರುತ್ತದೆ ಎಂದು ನನಗೆ ಹೇಳಿಕೊಟ್ಟದ್ದು ಅವನೇ. ಮಾತಿಗೆ ಹೇಳಿದಿರೋ, ನನ್ನನ್ನು ಸುಮ್ಮನಾಗಿಸಲು ಹೇಳಿದಿರೋ ತಿಳಿಯಲಿಲ್ಲ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಜನವರಿಯಲ್ಲಿ ನೀವು ನಿಮ್ಮ ತಂಗಿಯ ಆಪರೇಷನ್‌ಗೆಂದು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಿರಿ. ಬಂದಾಗ ಸಸಿ ಕಡಿಮೆ ಬಿದ್ದಿತ್ತೇ? ಪೆಟ್ಟಿಗೆ ತುಂಬಲೆಂದು ತೊಟ್ಟಿಯ ಬದಿಯಲ್ಲಿ ತಾನಾಗಿ ಹುಟ್ಟಿದ್ದನ್ನು ಸೇರಿಸಿದಿರೇ? ಸೇರಿಸಿದ್ದರೆ ಹೇಳಿಬಿಡಿ, ನಾನೇನು ಜಗಳಕ್ಕೆ ಬರುವುದಿಲ್ಲ. ನನಗೆ ಬೇಕಾದದ್ದು ಅದು ಯಾವ ಗಿಡ ಎನ್ನುವುದಷ್ಟೇ. ಒಂದು ವೇಳೆ ಅದು ಹೊರಗಿನಿಂದ ಬಂದ ಕಳೆಯಾಗಿದ್ದರೆ ನಾನೇ ಕೈಯಾರೆ ಅದನ್ನು ಈ ಜೌಗಿಗೆ ಬಿಟ್ಟಂತಾಗುತ್ತದೆ. ಇನ್ನೂರು ಹೆಜ್ಜೆ ಉಳಿಸಲು ಹೋಗಿ ಇಡೀ ಜೌಗು ಕಳೆದುಕೊಂಡವಳು ಅನ್ನಿಸಿಕೊಳ್ಳುತ್ತೇನೆ.

ಇಂಜಿನಿಯರ್ ನಿನ್ನೆ ಜೀಪಿನಿಂದ ಇಳಿಯದೆಯೇ ಕೇಳಿದರು: “ಏನ್ರೀ, ನಿಮ್ಮ ಹುಲ್ಲಲ್ಲೇ ಎರಡು ಜಾತಿ ಕಾಣ್ತಿದೆ?” ನಾನು, “ಒಂದೇ ಸರ್, ಬಿಸಿಲಿಗೆ ಹಾಗೆ ಕಾಣತ್ತೆ,” ಅಂದೆ. “ನಿಮಗೆ ಬಿಸಿಲು ಜಾಸ್ತಿ ಆಗಿದೆ,” ಅಂದು ಹೋದರು. ನಿಮ್ಮ ಮಾತು ನಂಬಿ ಸುಳ್ಳು ಹೇಳಿದೆನೋ, ನಂಬದೆ ಸುಳ್ಳು ಹೇಳಿದೆನೋ, ಅದೂ ನನಗೆ ಗೊತ್ತಿಲ್ಲ.

ಅಣ್ಣನ ಕೈಯಲ್ಲಿ ಎರಡೇ ಸಾಲು ಬರೆಸಿ ಕಳಿಸಿ. ಅವನ ಅಕ್ಷರ ನೋಡಿ ವರ್ಷದ ಮೇಲಾಯಿತು.

ಕೊಕ್ಕರೆ


ಏಪ್ರಿಲ್ 2

ಕೊಕ್ಕರೆ,

ನಾನು ಪೆಟ್ಟಿಗೆ ತುಂಬಿಸಲು ಕಳೆ ಹಾಕುವವಳಲ್ಲ. ಇಷ್ಟು ವರ್ಷಕ್ಕೆ ನೀನು ನನ್ನನ್ನು ಅಷ್ಟೂ ತಿಳಿದಿಲ್ಲವೆಂದರೆ ನಾನೇನು ಬರೆಯಲಿ.

ನಿನ್ನಣ್ಣನ ಬಲಗೈ ಉಳುಕಿದೆ, ಬರೆಯಲಾಗುವುದಿಲ್ಲ.

ಅನುಮಾನವಿದ್ದರೆ ದುಂಡು ದಂಟಿನವನ್ನೆಲ್ಲ ಕಿತ್ತುಹಾಕು. ಮೂರೇಣಿನವು ಮಾತ್ರ ಉಳಿಯಲಿ. ಉಳಿಕೆ ಸಸಿ ಹತ್ತು ಪೆಟ್ಟಿಗೆ ಈ ಲಾರಿಯಲ್ಲಿಯೇ ಇದೆ, ಒಂದೊಂದನ್ನೂ ನಾನೇ ಮುಟ್ಟಿ ನೋಡಿದ್ದೇನೆ.

ಅತ್ತಿಗೆ


ಏಪ್ರಿಲ್ 19

ಅತ್ತಿಗೆ,

ಕೀಳಿಸಿದೆ. ಪೂರ್ತಿ ಅಲ್ಲ, ಕೆಳಗಿನ ಗೂಟದಿಂದ ನೂರು ಹೆಜ್ಜೆ. ಅಷ್ಟರಲ್ಲಿ ಮೇಸ್ತ್ರಮ್ಮನ ಕೂಲಿ ಹೆಂಗಸರ ತಂಡವನ್ನು ಕಾಲುವೆಯ ಹೂಳೆತ್ತಲು ಕರೆದುಕೊಂಡು ಹೋದರು. ಕಿತ್ತ ಕುಳಿಗಳಿಗೆಲ್ಲ ನಿಮ್ಮ ಉಳಿಕೆ ಸಸಿ ಹಾಕಿದ್ದೇನೆ. ಮೇಲಿನ ನೂರು ಹೆಜ್ಜೆಯಲ್ಲಿ ಎರಡೂ ಬೆರೆತೇ ಇವೆ. ಅವರು ವಾಪಸು ಬಂದರೆ ಅದನ್ನೂ ಮುಗಿಸುತ್ತೇನೆ.

ಕೀಳುವಾಗ ಮೇಸ್ತ್ರಮ್ಮ ನನ್ನ ಪ್ರಾಣ ತಿಂದಳು. “ಅಮ್ಮಾ, ನೆಟ್ಟಿದ್ದಕ್ಕೂ ಕೂಲಿ, ಕಿತ್ತಿದ್ದಕ್ಕೂ ಕೂಲಿ, ನಮಗೇನು ನಷ್ಟ? ಆದ್ರೆ ಇದು ಕೈಗೇ ಬರ್ತಿಲ್ಲ ನೋಡಿ. ಒಂದು ಎಳೆದ್ರೆ ಪಕ್ಕದ್ದೂ ಅಲ್ಲಾಡತ್ತೆ. ನಾದಿನಿ ಜಡೆ ಹಿಡಿದ್ರೆ ಅತ್ತೇನೂ ಎದ್ದು ಬಂದ ಹಾಗೆ!” ಹೆಂಗಸರೆಲ್ಲ ಕೆಸರಲ್ಲಿ ಕೂತು ನಕ್ಕರು. ಹಠಮಾರಿ ಕಳೆ ಎಂದುಕೊಂಡು ನಾನು ಗುದ್ದಲಿ ಕೊಡಿಸಿದೆ.

ಇನ್ನೊಂದು ವಿಷಯ ನನ್ನ ತಲೆ ಕೊರೆಯುತ್ತಿದೆ. ಅಣ್ಣನ ಬಲಗೈ ಉಳುಕಿದೆ ಎಂದು ಬರೆದಿದ್ದಿರಿ. ಲಾರಿ ಡ್ರೈವರ್‌ಗೆ ಕೇಳಿದೆ. “ಉಳುಕಿದೆಯಾ? ಯಜಮಾನ್ರೇ ಎರಡೆರಡು ಪೆಟ್ಟಿಗೆ ಎತ್ತಿಕೊಟ್ರಲ್ಲ! ಆದ್ರೆ ಯಾಕೋ ನನ್ನನ್ನ ಹಳೇ ಡ್ರೈವರ್ ಹೆಸರು ಹಿಡಿದು ಕರೆದ್ರು. ನಾನು ಮಾತಾಡಿದ ಮೇಲೆ ‘ಓ ನೀನಾ’ ಅಂದ್ರು. ಆಮೇಲೆ ಲಾರಿಯ ತೆರೆದ ಬಾಗಿಲಿಗೆ ಹಣೆ ಹೊಡ್ಕೊಂಡ್ರು,” ಅಂದ.

ಅತ್ತಿಗೆ, ಅವನು ಕುಡಿಯಲು ಶುರುಮಾಡಿದ್ದಾನೆಯೇ? ಅಥವಾ ಮರೆವೇ? ಮೊದಲು ನೀವು ನನ್ನಿಂದ ಗಿಡದ ವಿಷಯ ಮುಚ್ಚಿಡುತ್ತಿದ್ದೀರಿ ಅಂದುಕೊಂಡಿದ್ದೆ. ಈಗ ಗಿಡ ಎನ್ನುವುದು ಬರೀ ನೆಪವೇ ಅನ್ನಿಸುತ್ತಿದೆ. ಏನಿದ್ದರೂ ಬರೆಯಿರಿ.

ಕೊಕ್ಕರೆ


ಮೇ 12

ಕೊಕ್ಕರೆ,

ಎರಡು ಲಾರಿ ಖಾಲಿ ಕೈಯಲ್ಲಿ ಕಳಿಸಿದೆ. ಬರೆದು ಹರಿದೆ, ಬರೆದು ಹರಿದೆ.

ಕುಡಿತವಲ್ಲ, ಮರೆವೂ ಅಲ್ಲ. ನಿನ್ನಣ್ಣನಿಗೆ ಕಣ್ಣು ಹೋಗುತ್ತಿದೆ. ಒಂದೂವರೆ ವರ್ಷವಾಯಿತು. ಬೆಳಕು, ನೆರಳು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಇದನ್ನು ಅವರು ನನಗೆ ಹೇಳಿಲ್ಲ. ನನಗೆ ಗೊತ್ತಿದೆಯೆಂದು ನಾನೂ ಅವರಿಗೆ ಹೇಳಿಲ್ಲ. ಊಟಕ್ಕೆ ಕೂತಾಗ ಲೋಟವನ್ನು ದಿನವೂ ಒಂದೇ ಜಾಗದಲ್ಲಿಡುತ್ತೇನೆ. ಕನ್ನಡಕ ಒರೆಸಿ ಕೊಡುತ್ತೇನೆ, ಅವರು ಅದನ್ನು ಹಾಕಿಕೊಂಡು ಪೇಪರ್ ಹಿಡಿದು ಕೂರುತ್ತಾರೆ. ಪುಟ ಮಗುಚುವ ಹೊತ್ತಿಗೆ ಸರಿಯಾಗಿ ಮಗುಚುತ್ತಾರೆ. ನಾನು, “ಏನ್ ಸುದ್ದಿ?” ಅನ್ನುತ್ತೇನೆ. ಅವರು, “ಅದೇ ಹಳೇದು,” ಅನ್ನುತ್ತಾರೆ.

ಬೀಜಕ್ಕೆ ಈಗಲೂ ಅವರೇ ಜೌಗಿಗೆ ಹೋಗುವುದು, ಬಿತ್ತುವುದೂ ಅವರೇ. ಸಸಿ ಬೆರಳುದ್ದ ಆದಾಗ ಪಾಕೆಟ್‌ಗೆ ಬದಲಿಸುವ ಕೆಲಸ ನನ್ನದು. ಹೋದ ವರ್ಷದಿಂದ ಅವರು ಬಿತ್ತಿದ ತಟ್ಟೆಗಳಲ್ಲೆಲ್ಲ ದುಂಡು ದಂಟಿನವು ಬೆರೆತು ಹುಟ್ಟತೊಡಗಿದವು. ಕಣ್ಣು ಕಾಣದೆ ಸಿಕ್ಕಿದ್ದನ್ನೆಲ್ಲ ಕೊಯ್ದು ತರುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ನಾನು ಸದ್ದಿಲ್ಲದೆ ಆರಿಸಿ ತೆಗೆದು ಹಿತ್ತಲಿನ ಗುಂಡಿಗೆ ಎಸೆಯುತ್ತಿದ್ದೆ. ಪಾಕೆಟ್‌ಗೆ ಹೋಗುವುದು ಬರೀ ಮೂರೇಣು. ಯಾರಿಗೂ ತಿಳಿಯಲಿಲ್ಲ, ಅವರಿಗೂ.

ಪಾಪ, ತಲೆಯೂ ಸ್ವಲ್ಪ ಗಲಿಬಿಲಿಯಾಗಿದೆಯೋ ಏನೋ. ಈಚೆಗೆ ಬೀಜದ ಒಂದು ಭಾಗವನ್ನು ಬೇರೆ ತೆಗೆದು ಮರಳಿನಲ್ಲಿ ಉಜ್ಜುತ್ತಾರೆ. ಒಂದು ಸಲ ಬಿಸಿನೀರು, ಒಂದು ಸಲ ತಣ್ಣೀರು. ಏನು ಮಾಡುತ್ತಿದ್ದೀರಿ ಎಂದರೆ, “ಏನಿಲ್ಲ, ಸುಮ್ನೆ,” ಎನ್ನುತ್ತಾರೆ.

ಜನವರಿಯಲ್ಲಿ ನಾನು ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನ ಅವರೇ ಸಸಿ ಬದಲಿಸಿದರು. ನಾನು ಬಂದಾಗ ಪಾಕೆಟ್‌ಗಳು ತುಂಬಿ, ಪೆಟ್ಟಿಗೆಗೂ ಏರಿದ್ದವು. ತೆರೆದು ಆರಿಸಿದರೆ ಅವರ ಎದುರಿಗೇ ಆರಿಸಬೇಕಿತ್ತು. ಆಗಲಿಲ್ಲ. ನಿನ್ನ ಮೂರನೆಯ ಲೋಡು ಅದು.

ತಪ್ಪು ಅವರದು, ಮುಚ್ಚಿಟ್ಟದ್ದು ನಾನು. ನಿನ್ನ ಹತ್ತಿರ ಕೈಮುಗಿದು ಕೇಳುತ್ತೇನೆ. ಇದನ್ನು ಇಂಜಿನಿಯರ್‌ಗೆ ಹೇಳಬೇಡ, ನಿನ್ನಣ್ಣನಿಗೆ ಬರೆಯಬೇಡ. ಜೌಗಿಗೆ ಹೋಗಬೇಡಿ ಎಂದರೆ ಅವರಿಗೆ ಬೇರೇನು ಉಳಿಯುತ್ತದೆ? ಮೇಲಿನ ನೂರು ಹೆಜ್ಜೆಯಲ್ಲಿರುವುದನ್ನೂ ಕಿತ್ತು ನೀನು ಮಾತು ಉಳಿಸಿಕೋ.

ಅತ್ತಿಗೆ


ಜೂನ್ 13

ಅತ್ತಿಗೆ,

ನಿಮ್ಮ ಕಾಗದವನ್ನು ಟ್ಯಾಂಕಿನ ನೆರಳಲ್ಲಿ ಕೂತು ಓದಿದೆ. ಅಣ್ಣನಿಗಾಗಿ ಅತ್ತೆ, ಆಮೇಲೆ ನಿಮಗೆ ಮಾರ್ಚ್‌ನಲ್ಲಿ ಬರೆದದ್ದಕ್ಕಾಗಿ ಅತ್ತೆ. ಕಾಗದದಲ್ಲಿ ಇಷ್ಟೇ ಬರೆಯಲು ಬರುತ್ತದೆ. ಕ್ಷಮಿಸಿ.

ಮೇಸ್ತ್ರಮ್ಮ ವಾಪಸು ಬರಲಿಲ್ಲ. ಹಾಗಾಗಿ ಮೇಲಿನ ನೂರು ಹೆಜ್ಜೆ ಕಿತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಹತ್ತನೇ ತಾರೀಕು ಬೆಳಿಗ್ಗೆ ಆರಕ್ಕೆ ಗೇಟು ಎತ್ತಿದರು. ಒಂಬತ್ತರ ಹೊತ್ತಿಗೆ ನೀರು ನಮ್ಮ ಗೂಟದ ಹತ್ತಿರ ಬಂತು, ಮಣ್ಣಿನ ಬಣ್ಣ, ದಂಡೆಗೆ ಒರಗಿಕೊಂಡೇ ಓಡುತ್ತಿತ್ತು. ಕೆಳಗಿನ ನೂರು ಹೆಜ್ಜೆಯಲ್ಲಿ, ನಾವು ಶುದ್ಧ ಮಾಡಿದ ಜಾಗದಲ್ಲಿ, ಮೂರೇಣಿನ ಬುಡಗಳು ಖಾಲಿ ಹಾಲ್‌ನಲ್ಲಿಟ್ಟ ಕುರ್ಚಿಗಳ ಹಾಗೆ ಬಿಡಿಬಿಡಿಯಾಗಿ ನಿಂತಿದ್ದವು. ನೀರು ಅವನ್ನು ಮುಟ್ಟಲಿಲ್ಲ, ನಡುವೆ ನುಗ್ಗಿ ಮಣ್ಣು ತಿಂದಿತು. ಆಮೇಲೆ ಬುಡಗಳು ಒಂದೊಂದೇ ಉರುಳಿದವು. ಮಧ್ಯಾಹ್ನಕ್ಕೆ ಅಲ್ಲಿ ದಂಡೆಯೇ ಇರಲಿಲ್ಲ.

ಮೇಲಿನ ನೂರು ಹೆಜ್ಜೆ ಪೂರ್ತಿ ಮಲಗಿತು. ಹೋಯಿತು ಅಂದುಕೊಂಡೆ. ನೀರು ಅದರ ಬೆನ್ನ ಮೇಲೆ ಹಾದು ಹೋಯಿತು. ಮಾರನೇ ದಿನ ನೀರು ಇಳಿದಾಗ ಎದ್ದು ನಿಂತಿತ್ತು. ಒಂದು ಬುಟ್ಟಿ ಮಣ್ಣೂ ಹೋಗಿಲ್ಲ.

ಇಂಜಿನಿಯರ್ ಬೂಟು ಬಿಚ್ಚಿ ಕೆಸರಿಗಿಳಿದು ಅಗೆದು ನೋಡಿದರು. ದುಂಡು ದಂಟಿನದರ ಬೇರುಗಡ್ಡೆ ಹಗ್ಗದ ಹಾಗೆ ಮಣ್ಣೊಳಗೆ ಹರಿದು ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಕಟ್ಟಿಹಾಕಿದೆ. “ಇದನ್ನೇ ಕೊಡಿ, ಮೂರು ಕಿಲೋಮೀಟರಿಗೂ. ಯಾವುದು ಎಷ್ಟು ಬೆರೆಸಬೇಕು ಅಂತ ಜುಲೈ ಹದಿನೈದರೊಳಗೆ ಬರೆದುಕೊಡಿ. ಗೊತ್ತಿಲ್ಲದೆ ಆಗಿದ್ದು ಅಂತ ಮಾತ್ರ ಹೇಳ್ಬೇಡಿ, ಆಕಸ್ಮಿಕಕ್ಕೆ ನಾನು ಟೆಂಡರ್ ಕರೆಯೋಕಾಗಲ್ಲ. ಆಗ ಕಲ್ಲೇ ಗತಿ,” ಅಂದರು. ನಾನು ತಲೆಯಾಡಿಸಿದೆ. ಅವರಿಗೆ ಕೊಡಲು ನನ್ನ ಹತ್ತಿರ ಅದರ ಹೆಸರೂ ಇಲ್ಲ.

ಅತ್ತಿಗೆ, ಆವತ್ತಿನಿಂದ ನನಗೊಂದು ಯೋಚನೆ. ನಾನು ಇವೆರಡನ್ನು ಬೇರೆ ಮಾಡುವುದು ಹೇಗೆ? ಮುಷ್ಟಿಯಲ್ಲಿ ಹಿಡಿದು. ನೀವು ಬೇರೆ ಮಾಡುವುದು ಹೇಗೆ? ಬೆರಳಿನಿಂದ. ದೂರದಿಂದ ಎರಡು ಜಾತಿ ಎಂದು ಅನುಮಾನ ಬಂದರೂ ಯಾವುದು ಯಾವುದೆಂದು ತಿಳಿಯದು, ಕಣ್ಣು ಇದ್ದವರಿಗೇ ಮೋಸವಾಗುತ್ತದೆ. ಅಣ್ಣನಿಗೆ ಹೋಗಿರುವುದು ಕಣ್ಣು, ಬೆರಳಲ್ಲ. ಹಾಗಾದರೆ ಅವನು ತಪ್ಪಿದ್ದು ಹೇಗೆ? ತಪ್ಪಿದ್ದಾನೆಯೇ?

ಇಲ್ಲ ಎಂದಾದರೆ ಬಾಯಿ ಬಿಟ್ಟು ಯಾಕೆ ಹೇಳಲಿಲ್ಲ? ಎಷ್ಟು ತಿರುಗಿಸಿದರೂ ನನಗೆ ಬಗೆಹರಿಯುತ್ತಿಲ್ಲ. ಅವನನ್ನೇ ಕೇಳಿ.

ಕೊಕ್ಕರೆ


ಜೂನ್ 29

ಕೊಕ್ಕರೆ,

ಕೇಳಿದೆ. ಅವರು ತೊಟ್ಟಿಯ ಕಟ್ಟೆಯ ಮೇಲೆ ಕೂತು ಬೀಜ ಉಜ್ಜುತ್ತಿದ್ದರು. ನಡೆದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

“ಈ ದುಂಡು ದಂಟಿನ ಬೀಜ ನೀವೇ ಬೆರೆಸಿದ್ದಾ?”

“ಮತ್ತೆ? ಗಾಳಿ ಬಂದು ಬೆರೆಸತ್ತಾ? ಜೌಗಲ್ಲಿ ಎಲ್ಲಿ ದಂಡೆ ಗಟ್ಟಿ ಇದೆಯೋ ಅಲ್ಲೆಲ್ಲ ಎರಡೂ ಜೊತೆಗೇ ಇರ್ತವೆ. ಒಂದು ನಿಲ್ಲತ್ತೆ, ಒಂದು ಓಡತ್ತೆ. ಈಚೆಗೆ ಕೈಯಲ್ಲಿ ತಡವಿ ತಡವಿ ನಡೆದಾಗಲೇ ನನಗೂ ಗೊತ್ತಾಗಿದ್ದು.” ಇಷ್ಟು ಹೇಳಿ ನಿಲ್ಲಿಸಿದರು. ಕೈಯಲ್ಲಿ ತಡವಿ ಎಂದು ಬಾಯಿತಪ್ಪಿ ಬಂದದ್ದೋ, ಬೇಕೆಂದೇ ಅಂದದ್ದೋ, ನನಗೆ ತಿಳಿಯಲಿಲ್ಲ.

“ಹೇಳಬಾರದಿತ್ತಾ?”

“ಏನಂತ? ಹೋದ ವರ್ಷದಿಂದ ಬಿತ್ತಿದ್ದೀನಿ, ತೊಟ್ಟಿಗೆ ಕೈ ಹಾಕಿದ್ರೆ ಬರೀ ಏಣೇ ಸಿಗತ್ತೆ. ಒಂದು ದುಂಡೂ ಹುಟ್ಟಲಿಲ್ಲ. ಮರಳಲ್ಲಿ ಉಜ್ಜಿದೆ, ಬಿಸಿನೀರಿಗೆ ಹಾಕಿದೆ. ಹುಟ್ಟದೇ ಇರೋ ಬೀಜದ ವಿಷಯ ಡಂಗುರ ಸಾರಲಾ? ಹುಟ್ಟಲಿ, ಆಮೇಲೆ ತೋರಿಸೋಣ ಅಂತ ಇದ್ದೆ. ನೀನು ಆಸ್ಪತ್ರೆಯಲ್ಲಿದ್ದಾಗ ಒಂದ್ಸಲ ಹುಟ್ಟಿತು. ಖುಷಿಯಲ್ಲಿ ಎಲ್ಲಾ ಪೆಟ್ಟಿಗೆಗೆ ಏರಿಸಿಬಿಟ್ಟೆ. ನೀನು ಬಂದು ನೋಡ್ತೀಯ, ಏನಾದ್ರೂ ಅಂತೀಯ ಅಂದ್ಕೊಂಡೆ. ನೀನು ಏನೂ ಅನ್ನಲಿಲ್ಲ.”

“ಯಾವಾಗಲೂ ಹುಟ್ಟುತ್ತಿತ್ತು,” ಅಂದೆ. “ನಾನು ಕಿತ್ತು ಹಾಕ್ತಿದ್ದೆ.”

ಅವರ ಕೈ ನಿಂತಿತು. “ಯಾಕೆ?”

“ಕಳೆ ಅಂದ್ಕೊಂಡೆ.”

“ನೀನು? ಕಳೆ ಅಂದ್ಕೊಂಡೆಯಾ?” ಅಂದರು. ಮತ್ತೆ ಬೀಜ ಉಜ್ಜತೊಡಗಿದರು. ಮರುದಿನ ಬೆಳಿಗ್ಗೆ ತಾವಾಗಿಯೇ, “ಕೊಕ್ಕರೆಗೆ ಬರಿ. ದಂಡೆಯ ಮೇಲೆ ಮೂರೇಣು ಮೂರಕ್ಕೆ ದುಂಡು ಒಂದು. ನೀರಿನ ಅಂಚಲ್ಲಿ ಸಮಸಮ,” ಅಂದರು. ಇದನ್ನೇ ಇಂಜಿನಿಯರ್‌ಗೆ ಕೊಡು. ನಾನು ಎಸೆದ ಗುಂಡಿಯಲ್ಲಿ ದುಂಡು ದಂಟಿನವು ಆಳೆತ್ತರ ಬೆಳೆದಿವೆ, ಬುಡ ಸೀಳಿ ಹಂಚಿದರೆ ಸಸಿಗೆ ಕೊರತೆಯಾಗದು.

ಇನ್ನು ಮುಂದಿನದು ನಿನಗೆ ಮಾತ್ರ.

ಕಳೆ ಅಂದುಕೊಂಡೆ ಎಂದದ್ದು ಸುಳ್ಳು, ಅದು ಅವರಿಗೂ ಗೊತ್ತಾಗಿರಬೇಕು. ನಾನು ಗಿಡವನ್ನು ಅನುಮಾನಿಸಲಿಲ್ಲ, ಅವರನ್ನು ಅನುಮಾನಿಸಿದೆ. ಕಣ್ಣು ಮಸುಕಾಯಿತೆಂದರೆ ಬುದ್ಧಿಯೂ ಮಸುಕಾಯಿತು ಎಂದೇ ತೀರ್ಮಾನ ಮಾಡಿಬಿಟ್ಟೆ. ಅವರು ತಮ್ಮ ಜೀವಮಾನದಲ್ಲಿ ಕಂಡುಕೊಂಡ ಒಂದು ಹೊಸ ವಿಷಯವನ್ನು ತಟ್ಟೆತಟ್ಟೆಯಾಗಿ ಗುಂಡಿಗೆ ಎಸೆದೆ, ಅದೂ ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು. ಇದನ್ನು ಹೇಳಬೇಕಾದರೆ ಕಣ್ಣಿನ ವಿಷಯ ಎತ್ತಬೇಕು. ಎತ್ತಲು ನನಗೆ ಧೈರ್ಯವಿಲ್ಲ. ಅವರಿಗೆ ಹೇಳಿಕೊಳ್ಳಲು ಮನಸ್ಸಿಲ್ಲವೋ, ನಾನು ಕೇಳಲಿ ಎಂದು ಕಾಯುತ್ತಿದ್ದಾರೋ, ಅದೂ ತಿಳಿಯದು. ಒಂದೇ ಮನೆಯಲ್ಲಿದ್ದೇವೆ.

ಇಲ್ಲಿಗೆ ಮುಗಿಸಿದ್ದೆ. ಅವರು ಬಹಳ ಹೊತ್ತಿನಿಂದ ಎದುರಿನ ಬೆಂಚಿನಲ್ಲಿ ಕೂತಿದ್ದರು.

“ಏನ್ ಬರೆದೆ? ಓದು,” ಅಂದರು.

ಮೊದಲ ಪುಟ ಓದಿದೆ. ಮೂರಕ್ಕೆ ಒಂದು, ಸಮಸಮ, ಗುಂಡಿ. “ಅಷ್ಟೇ,” ಅಂದೆ.

“ಅಷ್ಟೇನಾ? ಪೆನ್ನು ಅಷ್ಟೊತ್ತು ಓಡ್ತಿತ್ತು. ನೀನು ಓದುವಾಗ ಹಾಳೆ ಒಂದ್ಸಲಾನೂ ತಿರುಗಲಿಲ್ಲ.”

ಹಾಳೆ ತಿರುಗಿಸಿದೆ. ಓದಿದೆ. ‘ನಿನಗೆ ಮಾತ್ರ’ ಎನ್ನುವುದನ್ನೂ ಬಿಡಲಿಲ್ಲ. ಕಣ್ಣು ಎಂದು ಬಂದ ಕಡೆ ನನ್ನ ದನಿ ಕೇಳಿಸದಷ್ಟು ತಗ್ಗಿತು. “ಜೋರಾಗಿ ಓದು,” ಅಂದರು. ಜೋರಾಗಿ ಓದಿದೆ.

ಅವರು ಕನ್ನಡಕ ತೆಗೆದು ಮಡಚಿ ನನ್ನ ಕಡೆ ಚಾಚಿದರು. ಬೆಂಚಿನ ಕೆಳಗಿಂದ ಸಸಿಯ ತಟ್ಟೆಯೊಂದನ್ನು ಎಳೆದುಕೊಂಡು, “ನಾಳೆ ಲಾರಿ ಬರತ್ತೆ. ಇದನ್ನ ನಾನು ಪಾಕೆಟ್‌ಗೆ ಹಾಕ್ತೀನಿ. ನೀನು ಹತ್ರ ಕೂತ್ಕೋ, ಕೈ ಹಾಕಬೇಡ,” ಅಂದರು. ಸಿಟ್ಟೋ, ಅಲ್ಲವೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ಈಗ ಒಂದೊಂದನ್ನೂ ಎರಡು ಬೆರಳಲ್ಲಿ ಹೊರಳಿಸಿ ಇಡುತ್ತಿದ್ದಾರೆ. ಈ ಪೆಟ್ಟಿಗೆಯಲ್ಲಿ ನಿನಗೆ ಏನು ಬರುತ್ತದೆ ಎಂದು ನಾನು ಹೇಳಲಾರೆ, ಬಂದ ಹಾಗೆ ನೆಡು. ಪೆನ್ನಿನ ಸದ್ದು ಮತ್ತೆ ಶುರುವಾದದ್ದು ಅವರಿಗೆ ಕೇಳಿಸಿದೆ. ಈ ಸಾಲು ಮುಗಿದ ಕೂಡಲೇ ಇದನ್ನೂ ಓದಿ ಹೇಳಬೇಕಂತೆ.

ಅತ್ತಿಗೆ